ಮೋತಿಯ ಅಳತೆ

ನಾನು ಒಂದು ಜಟಕಾ ಗಾಡಿ. ಇದನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಏಕೆಂದರೆ ನನ್ನ ಹಳೆಯ ಫೋಟೋ ನೋಡಿದವರೆಲ್ಲ ಒಂಟೆ, ಒಂಟೆ ಎಂದು ಬಾಯಿ ಬಿಡುತ್ತಾರೆಯೇ ಹೊರತು, ಅದರ ಹಿಂದೆ ಒಂದು ಗಾಡಿಯೂ ಇದೆ ಎಂದು ಗಮನಿಸಿದ ಪುಣ್ಯಾತ್ಮ ಇನ್ನೂ ಸಿಕ್ಕಿಲ್ಲ. ನೂರು ವರ್ಷಕ್ಕೂ ಮೇಲಾಯಿತು. ನನಗೂ ಸಾಕಾಗಿದೆ.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲದಲ್ಲಿ, ಒಬ್ಬ ಬಡಗಿಯ ಜಗಲಿಯ ಮೇಲೆ. ಚಕ್ರಕ್ಕೆ ಜಾಲಿ, ಮೈಗೆ ತೇಗ, ತಲೆಗೆ ಬಿದಿರು ಬಗ್ಗಿಸಿದ ಕಮಾನು. ಕೂರುವ ಹಲಗೆಯ ಕೆಳಗೆ ಹುಲ್ಲು ತುಂಬುವ ಪೆಟ್ಟಿಗೆ. ಗಾಡಿಯನ್ನು ಸುಮ್ಮನೆ ಮಾಡಿಬಿಡುವುದಿಲ್ಲ, ಕುದುರೆಯ ಅಳತೆಗೆ ಮಾಡುತ್ತಾರೆ. ನನ್ನನ್ನು ಮಾಡಿಸಿದ ಬುಡನ್ ಸಾಬರು ತಮ್ಮ ಕುದುರೆ ಮೋತಿಯನ್ನು ತಂದು ನಿಲ್ಲಿಸಿದರು. ಬಡಗಿ ಒಂದು ದಾರ ಹಿಡಿದು ಅದರ ಎದೆ, ಬೆನ್ನು, ಭುಜದ ಎತ್ತರ ಅಳೆದು ಒಂದೊಂದಕ್ಕೂ ಒಂದೊಂದು ಗಂಟು ಹಾಕಿಕೊಂಡ. ಆ ದಾರದ ಪ್ರಕಾರ ನನ್ನ ಮೂಕಿಗಳು, ಅಂದರೆ ಕುದುರೆಯ ಎರಡು ಪಕ್ಕಕ್ಕೆ ಬರುವ ಉದ್ದನೆಯ ಕಂಬಗಳು, ಸಿದ್ಧವಾದವು. ಕೆಲಸ ಮುಗಿದ ಮೇಲೆ ದಾರವನ್ನು ಬುಡನ್ ಸಾಬರು ಜೇಬಿಗೆ ಹಾಕಿಕೊಂಡರು. ಆಗಲೇ ನನಗೆ ಅನ್ನಿಸಿತು, ಈ ಮನುಷ್ಯ ಯಾವುದನ್ನೂ ಬಿಸಾಡುವ ಪೈಕಿಯಲ್ಲ ಎಂದು.

ಎಂಟು ವರ್ಷ ಸುಖವಾಗಿದ್ದೆ. ಹೆರಿಗೆ ಆಸ್ಪತ್ರೆಯ ನರ್ಸ್ ಜ್ಞಾನಮ್ಮನವರನ್ನು ಬಸುರಿಯರ ಮನೆಮನೆಗೆ ಕರೆದೊಯ್ಯುವುದು ನಮ್ಮ ಕಾಯಂ ಕೆಲಸ. ಅವರು ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರೆ ಸಾಕು, ಮೋತಿಗೆ ದಾರಿ ತಾನಾಗಿ ತಿಳಿಯುತ್ತಿತ್ತು. ಇಬ್ಬರು ಹತ್ತಿದರೆ ಬುಡನ್ ಸಾಬರು "ಸ್ವಲ್ಪ ಮುಂದಕ್ಕೆ ಬನ್ನಿ" ಎನ್ನುವರು, ನಾಲ್ವರು ಹತ್ತಿದರೆ "ಹಿಂದಕ್ಕೆ ಸರೀರಿ" ಎನ್ನುವರು. ಜಟಕಾದಲ್ಲಿ ಕೂತವರೇ ತಕ್ಕಡಿ ಸರಿಮಾಡಬೇಕು, ಅದು ನಮ್ಮ ಕಸುಬಿನ ರೀತಿ.

ಆಮೇಲೆ ಎಲ್ಲೋ ದೂರದೇಶದಲ್ಲಿ ಮಹಾಯುದ್ಧ ಶುರುವಾಯಿತು. ಅದಕ್ಕೂ ಮಂಡಿ ಮೊಹಲ್ಲಕ್ಕೂ ಏನು ಸಂಬಂಧವೋ, ಸೈನ್ಯಕ್ಕೆ ಕುದುರೆ ಹಿಡಿಯುವವರು ಬಂದು ಎದೆ ಅಗಲವಿದ್ದ ಕುದುರೆಗಳನ್ನೆಲ್ಲ ಆರಿಸಿಕೊಂಡು ಹೋದರು. ಮೋತಿಯ ಎದೆ ಇಡೀ ಮೊಹಲ್ಲದಲ್ಲೇ ಅಗಲ ಎಂದು ಬುಡನ್ ಸಾಬರು ಊರೆಲ್ಲ ಹೇಳಿಕೊಂಡು ತಿರುಗಿದ್ದರಲ್ಲ, ಅದೇ ಮುಳುವಾಯಿತು. ಯುದ್ಧ ಮುಗಿದ ಮೇಲೆ ವಾಪಸ್ಸು ಬರುತ್ತದೆ ಎಂದು ಆ ಗುಂಪಿನಲ್ಲಿ ಯಾರೋ ಅಂದರಂತೆ. ಯಾರು ಅಂದದ್ದು, ಏನು ಆಧಾರ, ಒಂದೂ ಗೊತ್ತಿಲ್ಲ. ಸಾಬರು ಅದನ್ನೇ ನಂಬಿಕೊಂಡು ಕೂತರು.

ಮೂರು ತಿಂಗಳು ನನ್ನೊಳಗೆ ಕೋಳಿ ಮೊಟ್ಟೆಯಿಟ್ಟಿತು. ಜ್ಞಾನಮ್ಮನವರು ನಡೆದೇ ಊರು ಸುತ್ತಿದರು. ಬೇರೆ ಕುದುರೆ ತನ್ನಿ ಎಂದರೆ ಸಾಬರಿಗೆ ಸಿಟ್ಟು. ಕೊನೆಗೆ ಒಂದು ಬೆಳಿಗ್ಗೆ ಅವರು ಕರೆದುಕೊಂಡು ಬಂದದ್ದು, ಮುರಿದುಬಿದ್ದ ಸರ್ಕಸ್ಸಿನವರು ಮೈದಾನದಲ್ಲಿ ಬಿಟ್ಟುಹೋಗಿದ್ದ ಒಂದು ಗಂಡು ಒಂಟೆಯನ್ನು. ಅವರ ಲೆಕ್ಕ ಏನೆಂದರೆ, ಇನ್ನೊಂದು ಕುದುರೆ ತಂದರೆ ಮೋತಿಯ ಜಾಗ ಹೋದ ಹಾಗೆ. ಒಂಟೆಯಾದರೆ ಯಾರ ಜಾಗವನ್ನೂ ಕಿತ್ತುಕೊಳ್ಳುವುದಿಲ್ಲ. ಇಂಥ ತಲೆಗೆ ಏನು ಹೇಳುತ್ತೀರಿ?

ಅದೂ ಹೋಗಲಿ ಎನ್ನೋಣ. ಒಂಟೆಗೆ ಮೋತಿಯ ತೊಗಲಿನ ಪಟ್ಟಿಗಳನ್ನೇ ಕಟ್ಟಿದರಲ್ಲ! ಮೂಕಿಗಳನ್ನು ಎತ್ತಿ ಹಿಡಿಯುವ ಬೆನ್ನುಪಟ್ಟಿಯ ಎರಡು ತುದಿಯೂ ಮೂಕಿಯ ಬಳೆಗಳಿಗೆ ಹೊಲಿದದ್ದು. ಕುದುರೆಯ ಬೆನ್ನಿಗೆ ಸರಿಯಾಗಿದ್ದ ಆ ತೊಗಲು ಒಂಟೆಯ ಬೆನ್ನು ಹತ್ತಿದರೆ ಮೂಕಿಗಳು ಗಗನಕ್ಕೇರದೆ ಇನ್ನೇನಾಗುತ್ತವೆ? ನನ್ನ ಮೂತಿ ಆಕಾಶಕ್ಕೆ, ಬೆನ್ನು ನೆಲಕ್ಕೆ. ಹತ್ತಿದವರು ಹತ್ತಿದಷ್ಟೇ ಬೇಗ ಹಿಂದಕ್ಕೆ ಜಾರುವರು. "ಮುಂದಕ್ಕೆ ಬನ್ನಿ, ಮುಂದಕ್ಕೆ ಬನ್ನಿ" ಎಂದು ಸಾಬರು ಕೂಗುವರು. ಎಲ್ಲಿಗೆ ಬರುವುದು? ಗೋಡೆ ಹತ್ತುವುದೂ ಒಂದೇ, ನನ್ನೊಳಗೆ ಮುಂದಕ್ಕೆ ಬರುವುದೂ ಒಂದೇ. ತೂಕಕ್ಕೆಂದು ಹೆಂಡತಿಯ ರುಬ್ಬುಗುಂಡನ್ನು ತಂದು ಮುಂದೆ ಕಟ್ಟಿದರು. ಅವರ ಮನೆಯಲ್ಲಿ ಆವತ್ತಿನಿಂದ ಮಸಾಲೆ ಅರೆಯಲು ಪಕ್ಕದ ಮನೆಗೆ ಹೋಗಬೇಕಾಯಿತು, ನಾನಂತೂ ತಗ್ಗಲಿಲ್ಲ.

ಒಂಟೆಯ ವಿಷಯ ಹೇಳುವುದೇ ಬೇಡ. ಮಾರುಕಟ್ಟೆ ಮುಂದೆ ಹೋದರೆ ಹೂವಿನ ಅಂಗಡಿಗೆ ಕತ್ತು ಚಾಚಿ ಚೆಂಡುಹೂವಿನ ಹಾರ ಎಳೆದುಕೊಂಡು ಮೆಲ್ಲುವುದು. ಅದರ ವಾಸನೆಗೆ ಬೇರೆ ಕುದುರೆಗಳು ಬೆದರಿ ಓಡುವವು. ಹಾಗಾಗಿ ನಾವಿದ್ದ ಬೀದಿಗೆ ಇನ್ನೊಂದು ಜಟಕಾ ಕಾಲಿಡುತ್ತಿರಲಿಲ್ಲ. ಮಕ್ಕಳು ಮಾತ್ರ ಹಿಂಡುಹಿಂಡಾಗಿ ಹಿಂದೆ ಬರುತ್ತಿದ್ದರು.

ಪಟ್ಟಿ ಕತ್ತರಿಸಿ ಉದ್ದ ಮಾಡಿಸಿ ಎಂದು ಜ್ಞಾನಮ್ಮನವರು ಹೇಳಿ ಹೇಳಿ ಸೋತರು. ಸಾಬರದು ಒಂದೇ ಉತ್ತರ. ಮೋತಿ ಬಂದ ದಿನ ಏನು ಕಟ್ಟಲಿ? ಬೇರೆ ಹೊಲಿಸಿಕೊಂಡರಾಯಿತು ಎಂದರೆ, ಈ ಪಟ್ಟಿಗೆ ಕತ್ತರಿ ಹಾಕಿದರೆ ಅದು ಬರುವುದಿಲ್ಲ ಅಂತ ನಾನೇ ಹೇಳಿದ ಹಾಗಾಗುತ್ತದೆ ಎನ್ನುವರು. ಇದರ ಮುಂದೆ ಯಾರ ವಾದ ನಡೆಯುತ್ತದೆ?

ಅವರ ಒಬ್ಬಳೇ ಮಗಳು ಜೈನಾಬಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ನೋವು ಶುರುವಾದ ತಕ್ಷಣ ತಮ್ಮನ್ನು ಕರೆಸಬೇಕು, ತಡವಾದರೆ ಇಬ್ಬರಿಗೂ ಕಷ್ಟ ಎಂದು ಜ್ಞಾನಮ್ಮನವರು ಎಚ್ಚರಿಸಿದ್ದರು. ಒಂದು ಮಧ್ಯಾಹ್ನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಬಳಿಗೆ ಸಾಬರ ಭಾವಮೈದುನ ಓಡಿಬಂದ. ನೋವು ಬೆಳಿಗ್ಗೆಯೇ ಶುರುವಾಗಿತ್ತಂತೆ, ಕೂಸಿನ ಕೈ ಕಾಣುತ್ತಿದೆಯಂತೆ. ಜ್ಞಾನಮ್ಮನವರು ಚೀಲ ಹಿಡಿದು ಹತ್ತಿಯೇಬಿಟ್ಟರು. ಸಾಬರು ಒಂಟೆಯನ್ನು ಓಡಿಸಿದರು.

ಮಾರುಕಟ್ಟೆಯ ಏರು ಬಂತು. ನಾನು ಮೊದಲೇ ಮೂತಿ ಎತ್ತಿಕೊಂಡಿದ್ದವನು, ಏರಿನಲ್ಲಿ ಕೇಳಬೇಕೆ? ಜ್ಞಾನಮ್ಮನವರು ಕಮಾನಿನ ಬಿದಿರು ಹಿಡಿದುಕೊಂಡರು. ಬಿದಿರು ಕೈಗೆ ಬಂತು. ಅವರು ಚೀಲದ ಸಮೇತ ಹಿಂದಿನಿಂದ ರಸ್ತೆಗೆ ಬಿದ್ದರು. ನನಗೆ ನಾಚಿಕೆಯಿಂದ ಮುರಿದುಹೋಗಬೇಕು ಅನ್ನಿಸಿತು. ಅವರು ಏಳಲು ನೋಡಿದರೆ ಕಾಲು ಊರಲು ಆಗಲಿಲ್ಲ. ಬೇರೆ ಗಾಡಿ ಕರೆಯೋಣವೆಂದರೆ ನಮ್ಮ ಒಂಟೆಯ ದೆಸೆಯಿಂದ ಕಣ್ಣಳತೆಯಲ್ಲಿ ಒಂದೂ ಇಲ್ಲ.

ಅದೇ ಹೊತ್ತಿಗೆ ಬೀದಿಯ ಚಿತ್ರ ತೆಗೆಯಲು ಬಂದಿದ್ದ ಒಬ್ಬ ಫೋಟೋದವನು ಮೂರು ಕಾಲಿನ ಪೆಟ್ಟಿಗೆ ನಿಲ್ಲಿಸಿಕೊಂಡು, ಹಾಗೇ ನಿಲ್ಲಿ, ಅಲ್ಲಾಡಬೇಡಿ ಎಂದು ಗೋಗರೆಯುತ್ತಿದ್ದ. ಅವನ ಕಡೆ ಯಾರೂ ನೋಡಲಿಲ್ಲ. ಸಾಬರು ಬೆನ್ನುಪಟ್ಟಿಯನ್ನು ಎಳೆದೆಳೆದು ನೋಡುತ್ತಿದ್ದರು. ಇಬ್ಬರು ಹೂವಿನವರು ಜ್ಞಾನಮ್ಮನವರನ್ನು ಹಿಡಿದೆತ್ತಿ ನಿಲ್ಲಿಸಿದರು. ಅವರು ಬೈಯಲಿಲ್ಲ. ಚೀಲ ತೆರೆದು, ಕೂಸಿನ ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿ ತೆಗೆದು ಮುಂದೆ ಹಿಡಿದರು.

"ಬುಡನ್ ಸಾಬ್ರೇ, ಕುದುರೆ ಬಂದ್ರೆ ಹೊಸ ಪಟ್ಟಿ ಹೊಲಿಸ್ಬೋದು. ಮಗಳು ಹೋದ್ರೆ ಯಾವ ಪಟ್ಟಿ ಹೊಲಿಸ್ತೀರಿ?"

ಸಾಬರು ಕತ್ತರಿಯನ್ನು ನೋಡಿದರು, ಪಟ್ಟಿಯನ್ನು ನೋಡಿದರು. "ನೀವೇ ಕತ್ತರಿಸಿ ಅಮ್ಮಾ, ನನ್ನ ಕೈಲಿ ಆಗಾಕಿಲ್ಲ" ಎಂದರು.

"ಅದು ನಿಮ್ಮ ಕೈಯಿಂದಲೇ ಆಗ್ಬೇಕು."

ಅವರು ಮೋತಿಯ ಹೆಸರನ್ನು ಬಾಯಲ್ಲೇ ಅಂದುಕೊಂಡು ಬೆನ್ನುಪಟ್ಟಿಯನ್ನು ನಡುವೆ ಕತ್ತರಿಸಿದರು. ತೊಗಲು ಗಟ್ಟಿ, ಮೂರು ಸಲ ಒತ್ತಬೇಕಾಯಿತು. ಎರಡು ತುದಿಗಳ ನಡುವೆ ಹಗ್ಗ ಸೇರಿಸಿ ಬಿಗಿದರು. ಮೂಕಿಗಳು ಇಳಿದವು. ಏಳು ತಿಂಗಳ ಮೇಲೆ ನಾನು ಮೊದಲ ಸಲ ಸಮನಾಗಿ ನಿಂತೆ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ನನ್ನ ಸೊಂಟ ಮುರಿಸಿದರಲ್ಲ ಎಂದು ಬೈಯಬೇಕೆಂದಿದ್ದೆ. ಸಾಬರು ಪಟ್ಟಿಯ ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರುತ್ತಿದ್ದರು, ಬೈಗುಳ ಬದಿಗಿಟ್ಟೆ. ಜ್ಞಾನಮ್ಮನವರು ಕತ್ತರಿಯನ್ನು ಇಸಿದುಕೊಂಡು, ಇದನ್ನು ಮತ್ತೆ ಕುದಿಸಬೇಕು, ಬೇಗ ನಡೆಯಿರಿ ಎಂದರು.

ಜೈನಾಬಿ ಉಳಿದಳು, ಹೆಣ್ಣುಕೂಸೂ ಉಳಿಯಿತು. ಸಂಜೆ ಸಾಬರು ಹೊರಗೆ ಬಂದು ಒಂಟೆಯ ಕತ್ತಿನ ಮೇಲೆ ಮೊದಲ ಸಲ ಕೈಯಾಡಿಸಿದರು. ಮಾರನೆಯ ದಿನ ಗಂಟಿನ ದಾರ ಜೇಬಿಗೆ ಹಾಕಿಕೊಂಡು ಚಮ್ಮಾರನ ಹತ್ತಿರ ಹೋಗಿ, ಗಂಟಿಗೆ ಗಂಟು ಸರಿಯಾಗಿ ಮೋತಿಗೆ ಹೊಸ ಪಟ್ಟಿಗಳನ್ನು ಹೊಲಿಸಿಕೊಂಡು ಬಂದರು. ಎಣ್ಣೆ ಸವರಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟರು. ಪ್ರತಿ ಶುಕ್ರವಾರ ತೆಗೆದು ಮತ್ತೆ ಎಣ್ಣೆ ಸವರುವರು. ಯುದ್ಧ ಮುಗಿಯಿತು. ಶುಕ್ರವಾರಗಳು ಮುಗಿಯಲಿಲ್ಲ. ಮೊಮ್ಮಗಳು ಓದು ಕಲಿತಳು, ಒಂಟೆ ಮುದಿಯಾಗಿ ಸತ್ತಿತು, ಸಾಬರು ಎಣ್ಣೆ ಸವರುತ್ತಲೇ ಇದ್ದರು. ಬರುವುದಿಲ್ಲ ಎಂದು ಅವರಿಗೆ ಯಾವಾಗ ಗೊತ್ತಾಯಿತೋ, ಗೊತ್ತಾಯಿತೋ ಇಲ್ಲವೋ, ನನ್ನನ್ನು ಕೇಳಬೇಡಿ.

ಅವರು ಹೋದ ಮೇಲೆ ಮೊಮ್ಮಗಳು ಆ ಶುಕ್ರವಾರಗಳನ್ನು ನಡೆಸಿದಳು, ಆಮೇಲೆ ಅವಳ ಮಗ. ಅವನ ಕಾಲಕ್ಕೆ ನಾನು ಗುಜರಿಗೆ ಬಿದ್ದೆ, ಅಲ್ಲಿಂದ ಈ ಹೋಟೆಲಿಗೆ. ಈಗ ಬಾಗಿಲಲ್ಲಿ ನಿಂತಿದ್ದೇನೆ. ಗೋಡೆಯ ಮೇಲೆ ಆ ದಿನದ ಫೋಟೋ ದೊಡ್ಡದಾಗಿ ಹಾಕಿದ್ದಾರೆ. ಸಾಬರ ಕೈ ಮಸುಕಾಗಿದೆ. ಒಂಟೆ ಹಾರ ಮೆಲ್ಲುತ್ತಿದೆ. ಕತ್ತರಿ ಹಿಡಿದ ಜ್ಞಾನಮ್ಮನವರನ್ನು ಜನ ದರ್ಜಿ ಎನ್ನುತ್ತಾರೆ. ಇದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ಎನ್ನುವವರೂ ಇದ್ದಾರೆ. ಅವರಿಗೆ ನಾನು ಏನೆಂದು ಹೇಳಲಿ?

ಮೊನ್ನೆ ಮ್ಯಾನೇಜರು ನನ್ನ ಮೂಕಿಗಳ ನಡುವೆ ಒಂದು ಫೈಬರ್ ಕುದುರೆ ತಂದು ನಿಲ್ಲಿಸಿದರು. ಕೆಲಸದಾಕೆ ಪೆಟ್ಟಿಗೆ ಒರೆಸುವಾಗ ಎಣ್ಣೆಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ತೊಗಲು ಕಪ್ಪಾಗಿ ಬಿರುಸಾಗಿತ್ತು, ಆದರೆ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಯಾರೂ ಒಂದು ದಿನವೂ ಬಳಸೇ ಇಲ್ಲ ಸಾರ್ ಎಂದು ಅವಳು ಆಶ್ಚರ್ಯಪಟ್ಟಳು. ಮ್ಯಾನೇಜರು ಅದನ್ನೇ ಆ ಬೊಂಬೆಗೆ ಕಟ್ಟಿಸಿ, ನೋಡಿ, ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಎಂದು ಬೀಗಿದರು.

ಇಲ್ಲ ಸ್ವಾಮಿ, ಸರಿಯಿಲ್ಲ. ಎದೆಯ ಹತ್ತಿರ ಎರಡು ಬೆರಳು ಸಡಿಲ. ಮೋತಿಯ ಎದೆ ಇನ್ನೂ ಅಗಲವಿತ್ತು.