ನೊಗವಲ್ಲ, ನೋಗಾ

ಮೊಮ್ಮಗಳ ಹೆಸರನ್ನು ಮೈಥಿಲಿ ಮೊದಲು ಕೇಳಲಿಲ್ಲ, ಓದಿದರು. ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬದ ಕೆಳಗೆ ಸಿಕ್ಕಿಸಿದ ಚೀಟಿಯಲ್ಲಿ ಅಳಿಯ ರೂಬೆನ್ ದಪ್ಪನೆಯ ನಾಲ್ಕು ಇಂಗ್ಲಿಷ್ ಅಕ್ಷರ ಬರೆದಿಟ್ಟಿದ್ದ. ಎನ್, ಓ, ಜಿ, ಎ. ಕೂಡಿಸಿ ಓದಿಕೊಂಡರು.

ನೊಗ.

ಬಾಣಂತಿಯ ಲೇಹ್ಯಕ್ಕೆಂದು ಮೆಂತ್ಯ ಅಳೆಯುತ್ತಿದ್ದ ಕೈ ಹಾಗೇ ನಿಂತಿತು.

“ಹೀಬ್ರೂ ಹೆಸರಮ್ಮ,” ಕೋಣೆಯೊಳಗಿನಿಂದಲೇ ಮಗಳು ಸ್ಪಂದನಾ ಕೂಗಿದಳು. “ಇವರ ನೆಂಟರಲ್ಲಿ ಯಾರ ಮನೆಗೆ ಹೋದ್ರೂ ಒಬ್ಳು ಸಾರಾ, ಒಬ್ಳು ಹನ್ನಾ. ಇದು ರೇರ್. ಬೆಳಕು ಅಂತ ಮೀನಿಂಗ್. ಚೆನ್ನಾಗಿದೆ ಅಲ್ವಾ?”

“ಹೂಂ,” ಎಂದರು ಮೈಥಿಲಿ.

ಬೇರೇನು ಹೇಳುವುದು? ಮದುವೆಯಲ್ಲೇ ಮಾತಾಗಿತ್ತು. ರೂಬೆನ್ ಮನೆಯವರು ಯಹೂದಿಗಳು. ಗಂಡು ಹುಟ್ಟಿದರೆ ಕನ್ನಡದ ಹೆಸರು, ಸ್ಪಂದನಾ ಆರಿಸುವುದು. ಹೆಣ್ಣಾದರೆ ಹೀಬ್ರೂ ಹೆಸರು, ರೂಬೆನ್ ಆರಿಸುವುದು. ಅಂದು ಎಲ್ಲರಿಗಿಂತ ಮೊದಲು ತಲೆಯಾಡಿಸಿದವರು ಮೈಥಿಲಿಯೇ.

ಆದರೆ ನೊಗ! ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮೈಸೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮೈಥಿಲಿಗೆ ಆ ಪದ ಬರೀ ಪದವಾಗಿರಲಿಲ್ಲ. ಚಿಕ್ಕಂದಿನಲ್ಲಿ ಅವರ ಮನೆಯ ಎತ್ತಿನ ಹೆಗಲು ನೊಗ ಉಜ್ಜಿ ಉಜ್ಜಿ ದಡ್ಡುಗಟ್ಟಿತ್ತು. ಅಲ್ಲಿ ಹರಳೆಣ್ಣೆ ಹಚ್ಚುವುದು ಮೈಥಿಲಿಯ ಪಾಲಿನ ಕೆಲಸ. ಈಗ ಮೊಮ್ಮಗಳ ಕತ್ತಿಗೆ ಎಣ್ಣೆ ಸವರುವಾಗಲೆಲ್ಲ ಅದೇ ನೆನಪು. ಹಿಡಿಯಷ್ಟು ದಪ್ಪ ಇಲ್ಲದ ಕತ್ತು. ಅದರ ಮೇಲೆ ನೊಗ ಇಡುವುದೇ?

ಇನ್ನು ಮೈಸೂರಿನಲ್ಲಿರುವ ಯಜಮಾನರ ಬಾಯಿ. ತ್ಯಾಗರಾಜರು ಒಳ್ಳೆಯವರೇ, ಆದರೆ ಹೆಸರುಗಳ ವಿಷಯದಲ್ಲಿ ಅವರಿಗೆ ಕರುಣೆಯಿಲ್ಲ. ಪಕ್ಕದ ಮನೆಯ ಕೂಸಿಗೆ ‘ರಿಯಾಂಶ್’ ಎಂದು ಹೆಸರಿಟ್ಟಾಗ, “ಊಟಕ್ಕೆ ಮುಂಚೆ ತಗೋಬೇಕೋ, ಆಮೇಲೋ?” ಎಂದು ಕೇಳಿ ಬಂದಿದ್ದರು. ಆ ಮನೆಯಿಂದ ಆ ವರ್ಷ ಎಳ್ಳು ಬೆಲ್ಲ ಬರಲಿಲ್ಲ.

ಹುಟ್ಟಿದ ಮೂರು ದಿನದೊಳಗೆ ಖೆಮೆಂಟೆಗೆ, ಅಂದರೆ ಈ ಡಚ್ ಊರಿನ ನಗರಸಭೆಗೆ, ಹೋಗಿ ಮಗುವಿನ ಹೆಸರು ಬರೆಸಬೇಕು. ಒಂದು ದಿನ ಆಗಲೇ ಕಳೆದಿತ್ತು. ಹೇಳಿದರೆ ಅಳಿಯನ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ಕೂಸು ಊರಿಗೆ ಬಂದಾಗಲೆಲ್ಲ ನಗೆಪಾಟಲು. ಮೈಥಿಲಿ ಬಾಯಿ ಬಿಡಲಿಲ್ಲ. ಮಗುವನ್ನು ಗುಬ್ಬಿ ಎಂದರು, ಬಂಗಾರಿ ಎಂದರು, ಹೆಸರುಬೇಳೆ ಎಂದೂ ಕರೆದರು.

ಎರಡನೆಯ ದಿನ ಬಾಣಂತಿಯನ್ನು ನೋಡಿಕೊಳ್ಳುವ ಮಾರ್ಲೂಸ್ ಸೈಕಲ್ ಏರಿ ಬಂದಳು. ಈ ದೇಶದಲ್ಲಿ ಹೆರಿಗೆಯಾದ ಮೇಲೆ ವಾರವಿಡೀ ನರ್ಸ್ ಒಬ್ಬಳು ಮನೆಗೇ ಬರುತ್ತಾಳೆ. ಅವಳು ಬಾಗಿಲಲ್ಲೇ ಕೈ ಚಾಚಿ, “ಓಮಾ!” ಎಂದಳು. ಹೊಟ್ಟೆ ಸರಿಯಿಲ್ಲವೇನೋ ಪಾಪ ಎಂದುಕೊಂಡು ಮೈಥಿಲಿ ಓಮದ ಡಬ್ಬಿಯನ್ನೇ ತಂದುಕೊಟ್ಟರು.

“ಅಮ್ಮಾ, ಓಮಾ ಅಂದ್ರೆ ಡಚ್ಚಲ್ಲಿ ಅಜ್ಜಿ!” ಸ್ಪಂದನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಗಿಸ್ಬೇಡ, ನೋಯತ್ತೆ!”

ಮಾರ್ಲೂಸ್ ನಗಲಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬಂದರೂ, “ತುಂಬಾ ಚೆನ್ನಾಗಿದೆ,” ಎಂದಳು. ಮೈಥಿಲಿಗೆ ಅವಳು ಆ ಕ್ಷಣವೇ ಇಷ್ಟವಾದಳು. ಆಮೇಲೆ ಮಗುವಿನ ಹೆಸರು ಕೇಳಿ ಮಾರ್ಲೂಸಳ ಹುಬ್ಬು ಮೇಲೇರಿತು. ಚೀಲದಿಂದ ಅಂಟಂಟಾದ ಬಿಳಿ ಮಿಠಾಯಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಜೇನು, ಬಾದಾಮಿ ಹಾಕಿ ಮಾಡಿದ್ದು. ಇಲ್ಲಿಯವರು ಅದಕ್ಕೂ ಅದೇ ಹೆಸರು ಹೇಳುತ್ತಾರಂತೆ.

“ಹಾಗಾದ್ರೆ ಇಲ್ಲಿಯವರು ನಗ್ತಾರಾ?” ಮೈಥಿಲಿ ಆಸೆಯಿಂದಲೇ ಕೇಳಿದರು.

“ನಗಲಿ ಬಿಡಮ್ಮ, ಸ್ವೀಟ್ ತಾನೇ,” ಎಂದಳು ಸ್ಪಂದನಾ, ಬಾಯಿ ತುಂಬ ಮಿಠಾಯಿ ಇಟ್ಟುಕೊಂಡು. ಮೈಥಿಲಿಯ ಕಟ್ಟಿಸಿದ ಹಲ್ಲಿಗೆ ಅದು ಅಂಟಿಕೊಂಡು ಅರ್ಧ ಗಂಟೆ ಬಿಡಲಿಲ್ಲ.

ಮೂರನೆಯ ಬೆಳಿಗ್ಗೆ ಮೈಥಿಲಿ ಒಲೆಯ ಮುಂದೆ ಹಲಗೆಯ ಮೇಲೆ ನಿಂತಿದ್ದರು. ಈ ದೇಶದ ಅಡುಗೆಕಟ್ಟೆಗಳು ಉದ್ದ ಕಾಲಿನವರಿಗೆ ಮಾಡಿದವು. ಅತ್ತೆಯ ಮೊಣಕೈ ಕಟ್ಟೆಗೆ ತಾಕುವುದನ್ನು ಮೊದಲ ದಿನವೇ ನೋಡಿದ್ದ ರೂಬೆನ್, ಯಾರಿಗೂ ಹೇಳದೆ ಆ ಹಲಗೆ ಮಾಡಿಟ್ಟಿದ್ದ. ಈಗ ಕಾಗದಗಳ ಕವರು ಹಿಡಿದು ಒಳಗೆ ಬಂದ. ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ. ‘ಅಮ್ಮ’ ಎನ್ನುವುದೊಂದು ಮಾತ್ರ ಕನ್ನಡ.

“ಅಮ್ಮ, ಮಗುವನ್ನು ನೀವು ಏನೇನು ಕರೀತೀರಿ ಅಂತ ಲೆಕ್ಕ ಇಟ್ಟೆ. ಹನ್ನೊಂದು ಹೆಸರಾಯಿತು. ನಾನು ಇಟ್ಟಿದ್ದು ಮಾತ್ರ ಅದರಲ್ಲಿ ಇಲ್ಲ.”

ಮೈಥಿಲಿ ಸೌಟು ತಿರುಗಿಸುತ್ತಲೇ ಇದ್ದರು.

“ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಇಷ್ಟು ಕೇಳಿದ ಮೇಲೆ ಮುಚ್ಚಿಡುವುದು ಹೇಗೆ? ಒಲೆ ಆರಿಸಿ, ಅದೇ ಚೀಟಿಯ ಹಿಂಬದಿಯಲ್ಲಿ ಎರಡು ಎತ್ತು ಬರೆದು, ಅವುಗಳ ಕತ್ತಿನ ಮೇಲೆ ಅಡ್ಡಗೆರೆ ಎಳೆದು ತೋರಿಸಿದರು. “ನಮ್ಮ ಭಾಷೆಯಲ್ಲಿ ಇದು ನೊಗ.”

ರೂಬೆನ್ ಬಹಳ ಹೊತ್ತು ನೋಡಿದ. “ಇವು ನಾಯಿಗಳಾ?”

“ಎತ್ತು!”

ಮಗುವನ್ನು ಎತ್ತಿಕೊಂಡು ಬಂದ ಸ್ಪಂದನಾ ಇಣುಕಿದಳು. “ನೊಗ ಅಂದ್ರೆ ಇದಾ?”

“ಸಂಸಾರದ ನೊಗ ಹೊರೋದು ಅಂತಾರಲ್ಲ, ಏನಂದ್ಕೊಂಡಿದ್ದೆ ನೀನು?”

“ಯಾವುದೋ ಮೂಟೆ ಅಂದ್ಕೊಂಡಿದ್ದೆ.”

“ಪಿಎಚ್‌ಡಿ ಮಾಡಿದಾಳೆ ನನ್ನ ಮಗಳು!”

ರೂಬೆನ್ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದ. “ಅಜ್ಜಿಯ ಬಾಯಿಂದ ಬರದ ಹೆಸರು ಬೇಡ. ಕಚೇರಿಗೆ ಇನ್ನೂ ಎರಡು ಗಂಟೆ ಇದೆ. ನೀವೇ ಒಂದು ಹೇಳಿ, ಬರೆಸ್ತೀನಿ.”

ತಾರಿಣಿ. ಆ ಹೆಸರು ಎರಡು ತಿಂಗಳಿಂದ ಮೈಥಿಲಿಯ ನಾಲಿಗೆಯ ತುದಿಯಲ್ಲಿತ್ತು. ಈಗ ಅಂದುಬಿಟ್ಟರೆ ಮುಗಿಯಿತು. ಅಳಿಯನ ಮುಖ ನೋಡಿದರು. ಪೆನ್ನು ಚೀಟಿಯ ಮೇಲೆ ಸಿದ್ಧವಾಗಿತ್ತು, ಆದರೆ ಆ ನಾಲ್ಕು ಅಕ್ಷರದ ಮೇಲೆ ಗೆರೆ ಎಳೆಯಲು ಅದಕ್ಕೆ ಮನಸ್ಸಿಲ್ಲ.

“ಅದೇ ಹೆಸರು ಯಾಕೆ ಬೇಕೆನಿಸಿತು?” ಮೈಥಿಲಿ ಕೇಳಿದರು.

“ಬೆಳಕು ಅಂತ ಸ್ಪಂದನಾ ಹೇಳಿದ್ದು ಅರ್ಧ. ಅದು ವೀನಸ್ ಗ್ರಹದ ಹೆಸರು ಕೂಡ. ಮಗು ಹುಟ್ಟಿದ ಸುದ್ದಿ ಮನೆಯಲ್ಲಿದ್ದ ನಿಮಗೆ ಹೇಳೋಣ ಅಂತ ಫೋನ್ ಹಿಡಿದು ಆಸ್ಪತ್ರೆಯಿಂದ ಹೊರಗೆ ಬಂದೆನಲ್ಲ, ಆಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಪೂರ್ವದಲ್ಲಿ ಅದೊಂದೇ ಇತ್ತು. ನೀವು ಫೋನಿನಲ್ಲಿ ಅಳ್ತಾ ಇದ್ದಿರಿ. ನಾನು ಅದನ್ನೇ ನೋಡ್ತಾ ನಿಂತಿದ್ದೆ.”

“ಬೆಳ್ಳಿ!” ಎಂದರು ಮೈಥಿಲಿ.

“ಏನದು?”

“ಬೆಳ್ಳಿ ಕಣೋ! ನಾವು ಆ ಚುಕ್ಕಿನ ಬೆಳ್ಳಿ ಅಂತೀವಿ.” ಇಂಗ್ಲಿಷು ಬಿಟ್ಟು ಹೋಗಿದ್ದು ಅವರಿಗೇ ತಿಳಿಯಲಿಲ್ಲ. ಸ್ಪಂದನಾ ಪಕ್ಕದಲ್ಲಿ ನಿಂತು ಅನುವಾದ ಮಾಡುತ್ತಾ ಹೋದಳು. “ನಮ್ಮಮ್ಮ ಗಡಿಯಾರ ನೋಡಿದವಳೇ ಅಲ್ಲ. ಬೆಳ್ಳಿ ಮೂಡ್ತು ಅಂದ್ರೆ ಏಳೋಳು, ಮಜ್ಜಿಗೆ ಕಡೆಯೋಕೆ ಕೂರೋಳು. ನಾನು ಹುಟ್ಟಿದ ಹೊತ್ತು ಯಾವುದು ಅಂತ ಜಾತಕಕ್ಕೆ ಕೇಳಿದ್ರೆ, ಬೆಳ್ಳಿ ಮೂಡಿ ಸ್ವಲ್ಪ ಹೊತ್ತಾಗಿತ್ತು ಅಂದ್ಲಂತೆ. ಜೋಯಿಸರು ತಲೆ ಚಚ್ಚಿಕೊಂಡ್ರಂತೆ.”

ಹಲಗೆಯಿಂದ ಇಳಿದು ಬಂದು ಅಳಿಯನ ಕೈಯಿಂದ ಪೆನ್ನು ಕಿತ್ತುಕೊಂಡರು. “ಬೇರೆ ಹೆಸರು ಬೇಡ. ಆದ್ರೆ ಎರಡೂ ಕಡೆ ದೀರ್ಘ ಎಳೀಬೇಕು. ಮೊಟಕು ಮಾಡಿದ್ರೆ ಎತ್ತು ತಂದು ಕಟ್ಟಬೇಕಾಗತ್ತೆ.”

ಸ್ಪಂದನಾ ಅದನ್ನೂ ಅನುವಾದಿಸಿದಳು. “ನೋಗಾ,” ಎಂದ ರೂಬೆನ್, ತಪ್ಪಿಲ್ಲದೆ. ಅವನು ಮೂರು ದಿನದಿಂದಲೂ ಹಾಗೆಯೇ ಕರೆಯುತ್ತಿದ್ದ. ಮನಸ್ಸಿನಲ್ಲಿ ಎತ್ತು ನಿಂತಿದ್ದರಿಂದ ಮೈಥಿಲಿಯ ಕಿವಿಗೆ ಬಿದ್ದಿರಲಿಲ್ಲ.

ಕಚೇರಿಗೆ ಇಬ್ಬರೂ ಮಾಸ್ ನದಿಯ ಸೇತುವೆ ದಾಟಿ ನಡೆದೇ ಹೋದರು. ಕೌಂಟರಿನ ಹೆಂಗಸು ಕಾಗದ ನೋಡಿ, ಇಲ್ಲಿಯವರ ಗಂಟಲಿನಲ್ಲಿ, “ನೋಖಾ?” ಎಂದಳು. ಆಮೇಲೆ ಕನ್ನಡಕ ಮೇಲೆತ್ತಿ, ಸರಿಯಾಗಿ ಹೇಗೆ ಕರೆಯಬೇಕು, ಮಗುವಿನ ಹೆಸರನ್ನು ಮೊದಲ ದಿನವೇ ಕೆಡಿಸುವುದು ತನಗೆ ಇಷ್ಟವಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ರೂಬೆನ್ ಅತ್ತೆಯ ಕಡೆ ತಿರುಗಿದ.

“ನೋಗಾ,” ಎಂದರು ಮೈಥಿಲಿ, ಮೊದಲ ಸಲ. ಹೇಳುವಾಗ ಬಾಯಿಗೆ ಏನೂ ಅಡ್ಡ ಬರಲಿಲ್ಲ. “ಖ ಅಲ್ಲಮ್ಮ, ಗ.”

ಆ ಹೆಂಗಸು ಮೂರು ಸಲ ಪ್ರಯತ್ನಿಸಿದಳು. ಹಿಂದೆ ಸಾಲಿನಲ್ಲಿದ್ದ ಮುದುಕ ಒಂದೇ ಸಲಕ್ಕೆ ಸರಿಯಾಗಿ ಹೇಳಿ ಅವಳಿಗೆ ಕಲಿಸಿಕೊಟ್ಟ. ಕಾಗದಕ್ಕೆ ಮುದ್ರೆ ಬಿತ್ತು.

ಹೊರಗೆ ಬಂದು ಸೇತುವೆ ತಲುಪಿದ ಕೂಡಲೇ ಮೈಥಿಲಿ ಮೈಸೂರಿಗೆ ಫೋನ್ ಮಾಡಿದರು. ಬೇರೆಯವರ ಬಾಯಿಂದ ಸುದ್ದಿ ಹೋಗುವುದು ಬೇಡ.

“ಏನಂತೆ ಹೆಸರು?” ಎಂದರು ತ್ಯಾಗರಾಜರು.

“ನೋಗಾ.”

“ನೊಗಾನಾ?”

“ಹೂಂ ರೀ. ನಗೋದೆಲ್ಲ ಈಗಲೇ ನಕ್ಕು ಮುಗಿಸಿಬಿಡಿ. ಕೂಸಿನ ಎದುರಿಗೆ ನಕ್ಕರೆ ನಾನು ಸುಮ್ಮನಿರಲ್ಲ.”

ಅವರು ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಎತ್ತಿನ ಗಾಡಿ ಯಾವಾಗ ಕಳಿಸಲಿ ಎಂದರು. ಮೈಥಿಲಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಸೇತುವೆಯ ಕಟಕಟೆಗೆ ಒರಗಿ, ಅವರು ಮುಗಿಸುವವರೆಗೆ ಕಾದರು.

“ಅಪ್ಪ ಏನು ಹೇಳ್ತಿದ್ದಾರೆ?” ರೂಬೆನ್ ಕೇಳಿದ.

“ತುಂಬ ಸಂತೋಷವಾಯಿತಂತೆ,” ಎಂದರು ಮೈಥಿಲಿ.