ಒಣಹುಳದ ಪುಡಿ

"ಮೊದ್ಲ ತಾಡಪತ್ರಿ ಕಟ್ಟಲೇ!"

ಮುಜಮ್ಮಿಲ ಹೊದಿಕೆಯಿಲ್ಲದ ಕೆಂಪು ಅದಿರಿನ ಲಾರಿಗೆ ಅಡ್ಡ ನಿಂತಿದ್ದ. ಕೈಯಲ್ಲಿ ತಾನು ದುಡಿಯುವ ಪಂಕ್ಚರ್ ಅಂಗಡಿಯ ಕಬ್ಬಿಣದ ಟಾಮಿ ರಾಡು. ಲಾರಿಯ ಹಿಂದೆ ಗಣಿಯೂರು ಕುಡಚಡೆಯ ರಸ್ತೆಯೇ ಹಾರ್ನ್ ಹೊಡೆಯುತ್ತಿತ್ತು.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ರಸ್ತಾ ನಿಮ್ಮಪ್ಪ ಮಾಡಿಸ್ಯಾನೇನಲೇ?"

"ನಮ್ಮಪ್ಪ ಈ ಧೂಳ ಕುಡದ ಸತ್ತಾನ. ಈಗ ನಮ್ಮಕ್ಕನ್ನ ಕೊಲ್ಲಾಕತ್ತೀರಿ."

"ಹಂಗಾರ ಊರಿಗೆ ಹೋಗು. ಅಲ್ಲೇನ ಅತ್ತರ ಹಾರತೈತೇನು?" ನಗುತ್ತಲೇ ಗೇರ್ ಹಾಕಿದ. ಮುಜಮ್ಮಿಲ ಬದಿಗೆ ಹಾರಿ ಜೀವ ಉಳಿಸಿಕೊಂಡ.

ಅಕ್ಕ ಪರ್ವೀನ ಕೆಲಸಕ್ಕಿದ್ದದ್ದು ಅಲ್ಲೇ ರಸ್ತೆ ಬದಿ, ಮನೆಯಲ್ಲಿ ಸಾಕುವ ಬಣ್ಣಬಣ್ಣದ ಸಮುದ್ರಮೀನು ಮಾರುವ ಅಂಗಡಿಯಲ್ಲಿ. ಉಪ್ಪುನೀರಿನ ಗಾಜಿನ ತೊಟ್ಟಿಗಳಿಗೆ ಹುಳ ಹಾಕುವುದು ಅವಳ ಕೆಲಸ. ಮೊದಲು ಜೀವಂತ ಹುಳ ಬರುತ್ತಿದ್ದವು, ಒದ್ದೆಯಾಗಿ ಮಿಸುಕಾಡುತ್ತ. ಮಳೆಗಾಲ ಮುಗಿದ ಮೇಲೆ ಮಾಲಕ ಒಣಹುಳ ತರಿಸತೊಡಗಿದ. ದಾರದ ತುಣುಕಿನಂಥ ಕೆಂಪು ಹುಳ. ಉಸಿರು ತಾಗಿದರೂ ಹಾರುತ್ತಿದ್ದವು. ಚೀಲದಿಂದ ತೆಗೆದು ಡಬ್ಬಿಗೆ ತುಂಬಬೇಕು, ಸಣ್ಣ ಮೀನುಗಳಿಗೆ ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಉದುರಿಸಬೇಕು.

ಮುಜಮ್ಮಿಲ ಒಳಗೆ ಬಂದಾಗ ಅವಳು ಗೋಡೆ ಹಿಡಿದು ಕುಕ್ಕರಿಸಿದ್ದಳು. ಕಣ್ಣು ಊದಿದ್ದವು. ಎದೆ ಸೀಟಿ ಹೊಡೆಯುತ್ತಿತ್ತು. ದುಪಟ್ಟಾದ ತುಂಬ ಕೆಂಪು ಪುಡಿ.

"ನೋಡಿಲ್ಲೆ! ಒಳಗ ಮಟಾ ಬಂದೈತಿ ಆ ಹಲ್ಕಟ್‌ಗಳ ಧೂಳ!" ಅವನು ದುಪಟ್ಟಾ ಝಾಡಿಸಿದ. ಅವಳ ಕೆಮ್ಮು ಇನ್ನೂ ಏರಿತು.

"ಝಾಡಸಬ್ಯಾಡೋ... ಇದು ಗಣೀದಲ್ಲ, ಹುಳದ್ದು. ಡಬ್ಬಿ ತಗದ ಕೂಡ್ಲೆ ಎದಿ ಹಿಡೀತೈತಿ."

"ಸತ್ತ ಹುಳ ಏನ್ಮಾಡತೈತಿ ಆಪಾ? ಅಬ್ಬಾನ ಎದೀನೂ ಹಿಂಗ ಸೀಟಿ ಹೊಡೀತಿತ್ತು. ಅಂವೇನ ಮೀನ ಸಾಕಿದ್ನೇನು?"

"ಹಂಗಾರ ಐತವಾರ ಮನ್ಯಾಗ ಯಾಕ ಆರಾಮ ಇರ್ತೇನಿ?"

"ಐತವಾರ ಲಾರಿ ಓಡಾಂಗಿಲ್ಲ!"

ಅವಳು ಬಾಯಿ ತೆರೆದಳು, ಕೆಮ್ಮೇ ಬಂತು.

ಮಾಲಕ ಗಲ್ಲಾ ಬಿಟ್ಟು ಎದ್ದು ಬಂದ. "ಹಿಂದೆ ಖೋಲಿ ಉಂಟಲ್ಲ ಮಾರಾಯ, ಹುಳದ ಚೀಲ ಇಡುವುದು. ರಸ್ತೆ ಧೂಳು ಅಲ್ಲಿಗೆ ಬರುವುದಿಲ್ಲ. ಇಬ್ಬರೂ ಅಲ್ಲೇ ಇರಿ."

ಅಪ್ಪ ಸತ್ತ ಮೇಲೆ ಈ ಊರಲ್ಲಿ ಯಾರಾದರೂ ಅವನಿಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಮುಜಮ್ಮಿಲ ಸಂಜೆಯೊಳಗೆ ಹಾಸಿಗೆ, ಸ್ಟವ್ ಸಾಗಿಸಿದ. ಹುಳಕ್ಕೆ ತೇವ ತಾಗಬಾರದೆಂದು ಕಿಟಕಿಗೆ ಹಲಗೆ ಹೊಡೆದ ಖೋಲಿ. ಪರ್ವೀನ ಹೊಸ್ತಿಲಲ್ಲೇ ನಿಂತಳು.

"ಇಲ್ಲೆ ಬ್ಯಾಡೋ ಮುಜ್ಜು."

"ಏನ್ ನಖರಾ ಮಾಡ್ತಿ! ನನಗ ಇರೂದು ನೀ ಒಬ್ಬಾಕಿ."

ಅವಳು ಒಳಗೆ ಬಂದಳು.

ಅವನು ತನ್ನ ಲುಂಗಿ ಹರಿದು ಬಾಗಿಲ ಸಂದಿಗಳನ್ನೆಲ್ಲ ಮುಚ್ಚಿದ. ಅಂಗಾತ ಮಲಗಿದರೆ ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಒಂದು ದಿಂಬು ಸಾಲಲಿಲ್ಲ. ಗೋಡೆ ಬದಿಯ ಒಣಹುಳದ ಚೀಲಗಳಲ್ಲಿ ಎರಡನ್ನು ಎಳೆದು ತಂದ. ಅರಳೆಯಷ್ಟು ಹಗುರ. ಮೆತ್ತಗಾಗಲೆಂದು ಎರಡೂ ಕೈಯಿಂದ ತಟ್ಟಿ ತಟ್ಟಿ ಅವಳ ಬೆನ್ನಿಗೆ ಆನಿಸಿದ.

ಹೊರಗೆ ಲಾರಿಗಳು ಹೋದವು. ಬಲ್ಬಿನ ಬೆಳಕಿನಲ್ಲಿ ಕೆಂಪು ಪುಡಿ ತೇಲುತ್ತಿರುವುದು ಅವನ ಕಣ್ಣಿಗೆ ಬಿತ್ತು. ಇನ್ನೂ ಎಲ್ಲಿಂದಲೋ ಬರುತ್ತಿದೆಯಲ್ಲ ಎಂದು ಬೈದುಕೊಳ್ಳುತ್ತ, ಮೊಣಕಾಲೂರಿ, ಬಾಗಿಲ ಕೆಳಗೆ ಇನ್ನೊಂದು ಚಿಂದಿ ತುರುಕಿದ.