ಆದ್ದರಿಂದ

ಮೇಲ್ವಿಚಾರಕಿಯ ಬಾಯಲ್ಲಿ ಪೆಪ್ಪರ್‌ಮೆಂಟು ಹಲ್ಲಿಗೆ ತಾಗಿ ಟಕ್ಕೆಂದಿತು, ಅಷ್ಟಕ್ಕೇ ಅಣ್ಣನಿಗೆ ಪ್ರಶ್ನೆ ಓದಿ ಹೇಳುತ್ತಿದ್ದ ಪುಟ್ಟಿಯ ಬೆರಳು ಸಾಲಿನ ಮೇಲಿಂದ ಜಾರಿತು — ಎಲ್ಲಿದ್ದೆ, ಇಪ್ಪತ್ಮೂರನೇ ಪ್ರಶ್ನೆ, ಗೇಟು ತೆರೆದಿದ್ದರೆ ಮಾತ್ರ ಲಾರಿ ಒಳಗೆ ಬರುತ್ತದೆ, ಗೇಟು ತೆರೆದಿದೆ, ಆದ್ದರಿಂದ, ಎ, ಲಾರಿ ಒಳಗೆ ಬಂದಿದೆ, ಬಿ, ಲಾರಿ ಬಂದಿಲ್ಲ, ಸಿ, ಬಂತೋ ಇಲ್ಲವೋ ಹೇಳಲಾಗದು. ಎ, ಅಂದ ಅಣ್ಣ, ಅವಳು ಉಸಿರು ಬಿಡುವ ಮೊದಲೇ, ಕಪ್ಪು ಕನ್ನಡಕದ ಮುಖ ಮೇಲೆತ್ತಿ, ಇದು ಲಾ ಕಾಲೇಜಿನ ಪ್ರವೇಶ ಪರೀಕ್ಷೆಯೇ ಅಲ್ಲವೆಂಬಂತೆ, ಕಂಡಕ್ಟರನಿಗೆ ಸ್ಟಾಪು ಹೇಳಿದ ಹಾಗೆ. ಎ ಅಲ್ಲ ಕಣೋ, ಸಿ, ಗೇಟು ತೆರೆದಿದೆ ಅಂದ ಮಾತ್ರಕ್ಕೆ ಲಾರಿ ಬಂದೇಬಿಡಬೇಕೇ, ಡ್ರೈವರ್ ಇನ್ನೂ ಟೀ ಕುಡೀತಿರಬಹುದು — ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು. ಅವಳ ಕೆಲಸ ಓದುವುದು, ಅವನು ಹೇಳಿದ ಉತ್ತರದ ವೃತ್ತ ತುಂಬುವುದು, ಅಷ್ಟೇ. ಕಣ್ಣು ಕಾಣದವರಿಗೆ ಬರೆದುಕೊಡಲು ಕೂರುವವರು ಹತ್ತನೇ ತರಗತಿ ಪಾಸಾಗಿರಬಾರದು, ಹಾಗಂತ ನಿಯಮ, ಪಾಸಾದವರು ಉತ್ತರ ಹೇಳಿಕೊಟ್ಟಾರು ಅಂತ, ಆಗದವರ ತಲೆಯಲ್ಲಿ ಬರೀ ಹೊಟ್ಟು ಅಂತ. ಈ ವಾದ ಯಾವ ಊಹೆಯ ಮೇಲೆ ನಿಂತಿದೆ? — ಹತ್ತೊಂಬತ್ತನೇ ಪ್ರಶ್ನೆಯಲ್ಲಿ ಹಾಗೆ ಕೇಳಿದ್ದರು, ಊಹೆ ಅಂದರೆ ಬಾಯಿಬಿಟ್ಟು ಹೇಳದೆ ಅಡಿಯಲ್ಲಿ ಬಚ್ಚಿಟ್ಟದ್ದು, ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಮನೆ ತುಂಬ ಅದೇ. ಇವನನ್ನ ಕಾಲೇಜಿಗೆ ಕೈಹಿಡಿದು ಕರ್ಕೊಂಡು ಹೋಗೋರು ಬೇಕು, ಅಂದಿದ್ದರು ಅಪ್ಪ, ನನಗೆ ಡ್ಯೂಟಿ, ನಿಮ್ಮಮ್ಮನಿಗೆ ಮಂಡಿನೋವು, ಬಿಡುವಾಗಿರೋಳು ಇವಳೊಬ್ಬಳೇ, ಆದ್ದರಿಂದ — ಬಿಡುವು! ಎಂಟನೇ ತರಗತಿಯ ಎರಡನೇ ಬೆಂಚಿನಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದವಳಿಗೆ ಬಿಡುವು! ಆಗ ಬಾಯಿ ಬಂತೇ, ಇಲ್ಲ, ಬಾಗಿಲ ಮರೆಯಲ್ಲಿ ನಿಂತು ಹೂಂ ಅಂದಳು, ಶಾಲೆ ಬಿಟ್ಟಳು. ಮನೆಗೊಬ್ಬ ಲಾಯರ್ ಸಾಕು ಬಿಡೇ, ಸಾಕ್ಷಿ ಹೇಳೋಕೆ ನೀನಿದ್ದೀಯಲ್ಲ, ಅಮ್ಮ ನಕ್ಕಳು, ಎಲ್ಲರೂ ನಕ್ಕರು, ಇವಳೂ ನಕ್ಕಳು, ಥೂ, ಯಾಕೆ ನಕ್ಕೆ.

ಹೋದ ತಿಂಗಳು ಮನೆಯಲ್ಲೇ ಓದಿ ಹತ್ತನೇ ತರಗತಿ ಪರೀಕ್ಷೆ ಕಟ್ಟೋಣವೆಂದು ಅರ್ಜಿ ತುಂಬಿದ್ದಳು, ಫೋಟೋ ಅಂಟಿಸುವಾಗ ಅಣ್ಣನಿಗೆ ಅಂಟಿನ ವಾಸನೆ ಹತ್ತಿತು, ಏನೇ ಅದು ಅಂದ, ಹೇಳಿದಳು. ಈ ವರ್ಷ ಬೇಡ ಪುಟ್ಟಿ, ನೀನು ಪಾಸಾಗಿಬಿಟ್ರೆ ನನಗೆ ಬರೆಯೋರು ಯಾರು, ನನಗೊಂದು ಸೀಟು ಸಿಗ್ಲಿ, ಆಮೇಲೆ ಏನು ಬೇಕಾದ್ರೂ ಓದ್ಕೊ. ಮೆತ್ತಗೆ ಹೇಳಿದ, ಅದೇ ಹೊಟ್ಟೆ ಉರಿಸುವುದು, ಗದರಿದ್ದರೆ ತಿರುಗಿ ನಿಲ್ಲಬಹುದಿತ್ತು. ಅರ್ಜಿ ಹಾಸಿಗೆಯ ಕೆಳಗೆ ಬಿದ್ದಿದೆ, ನಾಳೆ ಕೊನೆಯ ದಿನ. ಹೋದ ಸಲ ಎರಡೇ ಅಂಕಕ್ಕೆ ಅವನಿಗೆ ಸೀಟು ತಪ್ಪಿತು, ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ ಈ ಕೈ ಅವನದು — ಸಿ ತುಂಬಿಬಿಡಲೇ, ಅಗೋ ಬಿಳಿ ವೃತ್ತ, ಒಂದು ಗಳಿಗೆಯ ಕೆಲಸ, ಅವನಿಗೆ ಕಾಣುವುದಿಲ್ಲ, ಮೇಲ್ವಿಚಾರಕಿಗೆ ಬೇಕಿಲ್ಲ. ತಡಿ, ತೆರೆದಿದ್ದರೆ ‘ಮಾತ್ರ’ ಅಂತ ಓದಿದೆನಾ, ಪೆಪ್ಪರ್‌ಮೆಂಟಿನ ಸದ್ದಿಗೆ ಆ ಪದ ಗಂಟಲಲ್ಲೇ ಉಳಿಯಿತಾ, ಆ ಪದವಿಲ್ಲದಿದ್ದರೆ ಎ-ನೇ ಸರಿ, ತಪ್ಪು ಅವನದಲ್ಲ, ನನ್ನ ಈ ದರಿದ್ರ ಪಿಸುದನಿಯದು. ಇನ್ನೊಮ್ಮೆ ಓದಿದಳು, ಹುಟ್ಟಿದಾಗಿನಿಂದ ಎತ್ತದ ದನಿ ಎತ್ತಿ, ತೆರೆದಿದ್ದರೆ ಮಾತ್ರ. ಹಾಗೆಲ್ಲ ಒತ್ತಿ ಓದೋ ಹಾಗಿಲ್ಲಮ್ಮ, ಅಂದರು ಮೇಲ್ವಿಚಾರಕಿ. ಅಣ್ಣ ನಕ್ಕ, ಮೊದಲ್ನೇ ಸಲಾನೇ ಕೇಳಿಸ್ತು ಕಣೇ, ಮಾತ್ರ ಅಂತಾನೂ ಕೇಳಿಸ್ತು, ಎ, ನೀನು ತಲೆ ಓಡಿಸ್ಬೇಡ, ಓದು ಸಾಕು.

ಓದು ಸಾಕು. ಸರಿ. ಎ ತುಂಬಿದಳು, ಅವನು ಹೇಳಿದ್ದಷ್ಟೇ, ಅಂಚು ದಾಟದಂತೆ, ಕಪ್ಪಗೆ. ನಾಳೆ ಅರ್ಜಿ ಹೋಗುತ್ತದೆ, ಅವನಿಗೆ ಸೀಟು ಸಿಗಲಿ ಬಿಡಲಿ ಹೋಗುತ್ತದೆ, ಬರೆಯೋರು ಯಾರು ಅಂತ ಅವನೇ ಹುಡುಕಿಕೊಳ್ಳಲಿ. ಇಪ್ಪತ್ನಾಲ್ಕು ಓದೇ, ಅಂದ ಅಣ್ಣ, ಓದಬೇಕು, ಕಣ್ಣು ಮುಂದಕ್ಕೆ ಹೋಗಲೊಲ್ಲದು, ಸಿ-ಯ ಬಿಳಿ ವೃತ್ತ, ಓದೇ ಪುಟ್ಟಿ, ಬಿಳಿ ವೃತ್ತ, ಯಾರೂ ಮುಟ್ಟದ ಬಿಳಿ ವೃತ್ತ.